ಗಣಿತದ ಬಾಯಿಯ ತೋಳಿನ ಬಿಲ್ಲೆ

ಬಾಯಿ ತೀರಿಕೊಂಡ ಸುದ್ದಿ ಬಂದದ್ದು ಶಾಲೆಯ ವಾಟ್ಸಾಪ್ ಗುಂಪಿನಲ್ಲಿ. ಮೊದಲು ಯಾರೋ ಕೈಮುಗಿದ ಚಿತ್ರ ಹಾಕಿದರು. ಅದರ ಕೆಳಗೆ ಒಬ್ಬೊಬ್ಬರಾಗಿ ಎಲ್ಲರೂ ಅದೇ ಚಿತ್ರ ಹಾಕಿದರು. ಮುಖ್ಯಾಧ್ಯಾಪಕರು ಮಾತ್ರ, ಶಿಸ್ತಿನ ಶಿಕ್ಷಕಿಯನ್ನು ಕಳೆದುಕೊಂಡಿದ್ದೇವೆ, ಸಂಸ್ಥೆಗೆ ಇದು ತುಂಬಲಾರದ ಹಾನಿ ಎಂದು ಮರಾಠಿಯಲ್ಲಿ ಬರೆದಿದ್ದರು. ನಾನು ಓದಿ ಫೋನನ್ನು ಜೇಬಿಗೆ ಹಾಕಿಕೊಂಡೆ. ಆ ಹಾನಿಯನ್ನು ತಾವೇ ಕೈಯಾರೆ ಮಾಡಿಕೊಂಡವರ ಸಾಲಿನಲ್ಲಿ ನಿಂತು ಕೈಮುಗಿಯುವುದು ನನ್ನಿಂದ ಆಗಲಿಲ್ಲ.

ಬಾಯಿ ಎಂದರೆ ನಮ್ಮ ಕಡೆ ಶಿಕ್ಷಕಿ. ಸೋಲಾಪುರ, ಅಕ್ಕಲಕೋಟ ಭಾಗದ ಶಾಲೆಗಳಲ್ಲಿ ಗಂಡಸರು ಸರ್, ಹೆಂಗಸರು ಬಾಯಿ. ಇವರು ಗಣಿತದ ಬಾಯಿ. ನಾನು ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಇಬ್ಬರ ಮನೆಯೂ ಸೋಲಾಪುರದಲ್ಲಿ, ಶಾಲೆ ಅಕ್ಕಲಕೋಟದಲ್ಲಿ. ವರ್ಷಗಟ್ಟಲೆ ಒಂದೇ ಎಸ್.ಟಿ. ಬಸ್ಸಿನಲ್ಲಿ ಹೋಗಿ ಬಂದೆವು. ಕಿಟಕಿಯ ಪಕ್ಕ ಅವರು, ಈ ಕಡೆ ನಾನು, ನಡುವೆ ಉತ್ತರಪತ್ರಿಕೆಗಳ ಕಟ್ಟು. ಬಸ್ಸು ಎಷ್ಟೇ ಕುಲುಕಿದರೂ ಅವರು ತಿದ್ದುವುದನ್ನು ನಿಲ್ಲಿಸುತ್ತಿರಲಿಲ್ಲ. ಲೆಕ್ಕ ತಪ್ಪಿದ್ದರೆ ತಪ್ಪು ಎಂದು ಗೀಚಿ ಮುಂದೆ ಹೋಗುವವರಲ್ಲ. ಹುಡುಗ ಯಾವ ಸಾಲಿನಲ್ಲಿ ದಾರಿ ಬಿಟ್ಟ ಎಂದು ಹುಡುಕಿ, ಅಲ್ಲೊಂದು ಸಣ್ಣ ವೃತ್ತ ಎಳೆದು, "ಇಲ್ಲಿತನಾ ಶಾಣ್ಯಾ ಇದ್ದಿ" ಎಂದು ಬರೆಯುತ್ತಿದ್ದರು.

ನಾಲಿಗೆ ಹರಿತ. ಅಕ್ಕಲಕೋಟದ ಬಸ್ಸೆಂದರೆ ಅಲ್ಲಿಯ ಸ್ವಾಮಿಗಳ ಗುಡಿಗೆ ಹೋಗುವ ಭಕ್ತರ ಬಸ್ಸು. ಗುರುವಾರವಂತೂ ಕಾಲಿಡಲು ಜಾಗವಿರುವುದಿಲ್ಲ. ಸಂಜೆ ಮರಳಿ ಬರುವಾಗ ಪ್ರತಿಯೊಬ್ಬರ ಕೈಯಲ್ಲೂ ಪೇಢೆಯ ಪೊಟ್ಟಣ, ಪಕ್ಕದವರಿಗೆ ಒಂದು ಕೊಡದೆ ಅವರಿಗೆ ಸಮಾಧಾನವಿಲ್ಲ. ಬಾಯಿ ಕೈ ಚಾಚುತ್ತಿರಲಿಲ್ಲ. ಒಮ್ಮೆ ಒಬ್ಬ ಹೆಂಗಸು ಬಿಡಲೇ ಇಲ್ಲ.

"ಪ್ರಸಾದಕ್ಕ ಒಲ್ಲೆ ಅನಬಾರದವಾ. ಪ್ರಸಾದದಿಂದ ಏನೂ ಆಗಂಗಿಲ್ಲ."

"ಪ್ರಸಾದಕ್ಕ ಏನೂ ಆಗಂಗಿಲ್ರಿ ಕಾಕೂ," ಎಂದರು ಬಾಯಿ. "ಆಗೂದು ನನಗ."

ಅವರದು ವಯಸ್ಸಾದ ಮೇಲೆ ಬರುವ ಸಕ್ಕರೆ ಕಾಯಿಲೆಯಲ್ಲ. ಇನ್ನೂ ಲಂಗ ತೊಡುವ ವಯಸ್ಸಿನಲ್ಲಿಯೇ ಅವರ ದೇಹ ಇನ್ಸುಲಿನ್ ಮಾಡುವುದನ್ನು ನಿಲ್ಲಿಸಿಬಿಟ್ಟಿತ್ತು. ಅಂದಿನಿಂದ ಪ್ರತಿ ಊಟಕ್ಕೂ ಮೊದಲು ಚುಚ್ಚಿಕೊಂಡೇ ಬದುಕಬೇಕು. ಮಧ್ಯಾಹ್ನದ ಬಿಡುವಿನಲ್ಲಿ ಶಿಕ್ಷಕರ ಕೋಣೆಯ ಮೂಲೆಗೆ ತಿರುಗಿ, ಸೆರಗು ಸ್ವಲ್ಪ ಸರಿಸಿ, ಪೆನ್ನಿನಂಥ ಇನ್ಸುಲಿನ್ ಹೊಟ್ಟೆಗೆ ಚುಚ್ಚಿಕೊಂಡು, ಆಮೇಲೆ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ ಬಿಚ್ಚುತ್ತಿದ್ದರು. ಸಲಹೆ ಕೊಡುವವರಿಗೆ ನಮ್ಮಲ್ಲಿ ಬರಗಾಲವಿರಲಿಲ್ಲ. ಮೆಂತ್ಯ, ನೇರಳೆ ಬೀಜ, ಹಾಗಲಕಾಯಿ ರಸ. ಭೂಗೋಳದ ಸರ್ ಒಂದು ದಿನ ಹಾಗಲ ರಸದ ಬಾಟಲಿಯನ್ನೇ ತಂದಿಟ್ಟರು.

"ಇದರಿಂದ ಇನ್ಸುಲಿನ್ ಹುಟ್ಟತದಂದ್ರ ಹೇಳ್ರಿ ಸರ್, ನಾ ಹಾಗಲ ಬಳ್ಳಿ ಬುಡಕನ ಮನಿ ಮಾಡ್ತೀನಿ," ಎಂದು ಬಾಯಿ ಬಾಟಲಿಯನ್ನು ಅವರತ್ತಲೇ ಸರಿಸಿದರು.

ಮದುವೆಯಾಗಿರಲಿಲ್ಲ. ಅದರ ಕಥೆಯನ್ನೂ ಅವರೇ ಬಸ್ಸಿನಲ್ಲಿ ಹೇಳಿದ್ದು, ನಗುತ್ತ. ಅವರ ತಂದೆಗೆ ಸೋಲಾಪುರದ ನವಿ ಪೇಠದಲ್ಲಿ ಸೀರೆ ಅಂಗಡಿ. ಪಂಢರಪುರದ ಕಡೆಯ ವ್ಯಾಪಾರಿ ಮನೆತನವೊಂದು ನೋಡಲು ಬಂದಿತ್ತು. "ಲಗ್ನ ಆಗೂತನಾ ಬ್ಯಾನಿ ಮಾತ ತಗೀಬ್ಯಾಡ" ಎಂದು ತಂದೆ ಮೊದಲೇ ತಾಕೀತು ಮಾಡಿದ್ದರು. ಅವಲಕ್ಕಿ ತಟ್ಟೆಗಳು ಬಂದವು. ಹುಡುಗನ ತಾಯಿ, "ನೀನೂ ತಗೋಳವಾ, ನಮ್ಮ ಜೋಡಿ ತಿನ್ನು" ಎಂದರು. ಬಾಯಿ ಒಳಗೆ ಹೋಗಿ ಸಿರಿಂಜು ತಂದು, ಅವರೆದುರೇ ಕೂತು, "ತಿನ್ನೂಕಿಂತ ಮೊದಲ ನಾ ಇದನ್ನ ತಗೋಬೇಕ್ರಿ, ದಿನಾ, ಸಾಯೂತನಾ" ಎಂದು ಚುಚ್ಚಿಕೊಂಡರು. ಬಂದವರು ಚಹಾ ಕುಡಿಯದೆ ಎದ್ದರು. ತಂದೆ ಬಹಳ ಕಾಲ ಮಗಳ ಕೂಡ ಮಾತಾಡಲಿಲ್ಲ. ತಂದೆಯ ನಂತರ ಅಣ್ಣಂದಿರು ಅಂಗಡಿ ಹಂಚಿಕೊಂಡರು. ಗಂಡ ತೀರಿಕೊಂಡು ತವರಿಗೆ ಬಂದಿದ್ದ ಅಕ್ಕನೂ ಈ ತಂಗಿಯೂ ಬಾಡಿಗೆ ಮನೆ ಹಿಡಿದರು.

"ಸುಳ್ಳ ಹೇಳಿ ಲಗ್ನ ಆಗಿದ್ರ ದಿನಾ ಸಂಡಾಸಿನ್ಯಾಗ ಚುಚ್ಚಗೋಬೇಕಾಗತಿತ್ತು, ಸರ್. ಅದಕ್ಕಿಂತ ಇದ ಛಲೋ," ಎಂದರು. ನಗು ಮಾತ್ರ ಮಾತಿಗಿಂತ ಮೊದಲೇ ಮುಗಿದಿತ್ತು.

ಆ ಕಾಯಿಲೆಯಲ್ಲಿ ಸಕ್ಕರೆ ಏರುವುದಕ್ಕಿಂತ ಇಳಿಯುವುದು ಹೆಚ್ಚು ಭಯಾನಕ ಎಂದು ನನಗೆ ತಿಳಿದದ್ದು ಅವರಿಂದ. ಇನ್ಸುಲಿನ್ ಸ್ವಲ್ಪ ಹೆಚ್ಚಾದರೆ, ಊಟ ಸ್ವಲ್ಪ ತಡವಾದರೆ, ರಕ್ತದ ಸಕ್ಕರೆ ಕುಸಿಯುತ್ತದೆ. ಮೊದಮೊದಲು ಕೈ ನಡುಗಿ, ಬೆವರಿ, ಮೈಯೇ ಎಚ್ಚರಿಸುತ್ತದಂತೆ. ಆಗ ಒಂದು ತುಂಡು ಬೆಲ್ಲ ಚೀಪಿದರೆ ಆಯಿತು. ಆದರೆ ಬಹಳ ವರ್ಷ ಕಳೆದವರಲ್ಲಿ ಕೆಲವರಿಗೆ ಆ ಎಚ್ಚರಿಕೆಯೇ ನಿಂತುಹೋಗುತ್ತದೆ. ಬಾಯಿಗೆ ಹಾಗೇ ಆಯಿತು. ಒಂದು ದಿನ ಒಂಬತ್ತನೆಯ ವರ್ಗದಲ್ಲಿ ಫಲಕದ ಮೇಲೆ ಒಂದೇ ಸಮೀಕರಣವನ್ನು ಮತ್ತೆ ಮತ್ತೆ ಬರೆಯುತ್ತ ನಿಂತುಬಿಟ್ಟರು. ಮಕ್ಕಳು ಕಿಸಕ್ಕನೆ ನಗುವ ಸದ್ದು ಕೇಳಿ ಪಕ್ಕದ ವರ್ಗದಿಂದ ನಾನು ಹೋದೆ. ಸಕ್ಕರೆ ನೀರು ಕುಡಿಸಿದ ಮೇಲೆ ಫಲಕ ನೋಡಿ, "ಇದನ್ನ ಯಾರ ಬರದವರು?" ಎಂದು ಕೇಳಿದರು. ಮರುದಿನ ಶಿಕ್ಷಕರ ಕೋಣೆಯಲ್ಲಿ ನಮ್ಮನ್ನೆಲ್ಲ ಕೂರಿಸಿ ಪಾಠ ಮಾಡಿದರು: "ನಾ ಎಚ್ಚರ ಇದ್ರ ಸಕ್ರಿ ನೀರ ಕೊಡ್ರಿ. ನುಂಗಾಕ ಬರದಿದ್ರ ನೀರ ಹಾಕಬ್ಯಾಡ್ರಿ, ಉಸಿರ ಕಟ್ಟತದ. ವಸಡಿಗೆ ಸಕ್ರಿ ತಿಕ್ಕಿ, ದವಾಖಾನಿಗೆ ಒಯ್ಯರಿ."

ಆಮೇಲೆ ಸೋಲಾಪುರದ ಅವರ ಡಾಕ್ಟರು ಆ ಬಿಲ್ಲೆಯನ್ನು ಹಚ್ಚಿದರು. ತೋಳಿನ ಹಿಂಭಾಗಕ್ಕೆ ಅಂಟಿಸುವ, ನಾಣ್ಯದಷ್ಟಿರುವ ಬಿಳಿ ಬಿಲ್ಲೆ. ಅದರೊಳಗಿಂದ ಕೂದಲಿನಂಥ ಎಳೆಯೊಂದು ಚರ್ಮದ ಕೆಳಗೆ ಇಳಿದಿರುತ್ತದೆ. ಹಗಲೂ ರಾತ್ರಿ ಸಕ್ಕರೆ ಅಳೆಯುತ್ತ ಫೋನಿಗೆ ಕಳುಹಿಸುತ್ತಿರುತ್ತದೆ. ಫೋನಿನಲ್ಲಿ ಒಂದು ಅಂಕಿ, ಪಕ್ಕದಲ್ಲಿ ಮೇಲಕ್ಕೋ ಕೆಳಕ್ಕೋ ತಿರುಗಿದ ಬಾಣ, ಕೆಳಗೆ ದಿನವಿಡೀ ಬೆಳೆಯುವ ಗೆರೆ. ಸಕ್ಕರೆ ಇಳಿಯತೊಡಗಿದರೆ ಫೋನು ಕೂಗುತ್ತದೆ. ಎರಡು ವಾರಕ್ಕೊಮ್ಮೆ ಬಿಲ್ಲೆ ಬದಲಿಸಬೇಕು.

"ನನ್ನ ಮೈ ನನಗ ಸುಳ್ಳ ಹೇಳಾಕ ಚಾಲೂ ಮಾಡಿತ್ತು, ಸರ್. ಈಗ ಖರೇ ಹೇಳಾವ ಒಬ್ಬ ಸಿಕ್ಕಾನ ನೋಡ್ರಿ," ಎಂದು ಬಸ್ಸಿನಲ್ಲಿ ಫೋನು ತೋರಿಸಿದರು.

ಅವರನ್ನು ಅಷ್ಟು ಹಗುರಾಗಿ ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಆ ಬೇಸಿಗೆಯಲ್ಲಿ ಮಾವಿನ ಹಣ್ಣಿನ ಹೋಳು ತಿಂದರು. ತಿಂದು ಗೆರೆ ಎಷ್ಟು ಏರುತ್ತದೆಂದು ನೋಡುತ್ತ ಕೂತರು. ಇನ್ಸುಲಿನ್ ಮೊದಲೇ ತೆಗೆದುಕೊಂಡರೆ ಏರುವುದು ಕಡಿಮೆ ಎಂದು ಲೆಕ್ಕ ಹಾಕಿ ಇನ್ನೊಂದು ಹೋಳು ತಿಂದರು. ಅಷ್ಟಕ್ಕೇ ಬಿಡಲಿಲ್ಲ. ಆಲೇಖ ಕಲಿಸುವ ದಿನ ತಮ್ಮ ಗೆರೆಯನ್ನೇ ಫಲಕದ ಮೇಲೆ ಬಿಡಿಸಿದರು. ಅಡ್ಡಕ್ಕೆ ವೇಳೆ, ಉದ್ದಕ್ಕೆ ಸಕ್ಕರೆ. "ಹೇಳ್ರಿ, ಬಾಯಿ ಯಾವಾಗ ರೊಟ್ಟಿ ತಿಂದಾರ? ಯಾವಾಗ ಬಸ್ ಹಿಡ್ಯಾಕ ಓಡ್ಯಾರ?" ಮಕ್ಕಳು ಗೆರೆ ನೋಡಿ ಕೂಗಿ ಹೇಳುತ್ತಿದ್ದರು. ಆಲೇಖವೆಂದರೆ ಹೆದರುತ್ತಿದ್ದ ವರ್ಗ ಆ ವರ್ಷ ಹೆದರಲಿಲ್ಲ.

ಹೊಸ ಮುಖ್ಯಾಧ್ಯಾಪಕರು ಬಂದದ್ದು ಅದರ ಮುಂದಿನ ವರ್ಷ. ಕೆಟ್ಟವರಲ್ಲ. ಎಲ್ಲರಿಗೂ ಹೆದರುವವರು: ಪಾಲಕರಿಗೆ, ಸಂಸ್ಥೆಯ ಸಂಚಾಲಕರಿಗೆ, ಪತ್ರಿಕೆಯವರಿಗೆ. ಒಬ್ಬಿಬ್ಬರು ಶಿಕ್ಷಕರು ವರ್ಗದಲ್ಲೇ ಫೋನು ನೋಡುತ್ತ ಕೂರುತ್ತಿದ್ದದ್ದೂ ನಿಜ. ಪಾಲಕರ ತಕರಾರು ಬಂತು. ಎಲ್ಲರೂ ಬೆಳಿಗ್ಗೆ ಫೋನನ್ನು ಕಚೇರಿಯ ಕಪಾಟಿನಲ್ಲಿಟ್ಟು ಹೋಗಬೇಕು ಎಂಬ ನಿಯಮವಾಯಿತು. ಬಾಯಿ ಮುಖ್ಯಾಧ್ಯಾಪಕರ ಮೇಜಿನ ಮುಂದೆ ನಿಂತದ್ದು ನನ್ನೆದುರೇ.

"ಸರ್, ನನಗ ಇದು ಫೋನ್ ಅಲ್ರಿ, ಔಷಧ. ಸಿಮ್ ತಗದು ನಿಮ್ಮ ಕೈಯಾಗ ಕೊಡ್ತೀನಿ. ಬರೇ ಈ ಅಂಕಿ ಕಾಣಬೇಕು, ಇಳದ್ರ ಕೂಗಬೇಕು. ಅಷ್ಟ."

"ನನಗ ತಿಳೀತದ್ರಿ ಬಾಯಿ. ಖರೇ ತಿಳೀತದ. ಆದ್ರ ನಿಮಗ ಪರವಾನಗಿ ಕೊಟ್ಟರ ನಾಳೆ ಎಲ್ಲಾರೂ ಒಂದೊಂದು ಅಡಚಣಿ ಹೇಳಿಕೊಂಡ ಬರ್ತಾರ."

"ಎಲ್ಲಾರ ತೋಳಿಗೂ ಬಿಲ್ಲೆ ಇದ್ರ ಎಲ್ಲಾರಿಗೂ ಕೊಡ್ರಿ."

"ಒಂದ ನಿಯಮ, ಎಲ್ಲಾರಿಗೂ ಸಮ. ನಾ ಏನ ಮಾಡ್ಲಿ ಹೇಳ್ರಿ."

ಡಾಕ್ಟರ ಚೀಟಿ ತಂದುಕೊಟ್ಟರು. ಸಂಚಾಲಕರ ಸಭೆಗೆ ಇಡುತ್ತೇನೆ ಎಂದು ಮುಖ್ಯಾಧ್ಯಾಪಕರು ಅದನ್ನು ಇಸಿದುಕೊಂಡರು. ಸಭೆ ಆಗುತ್ತಲೇ ಇತ್ತು, ಚೀಟಿಯ ಮಾತು ಬರುತ್ತಿರಲಿಲ್ಲ. ಫೋನು ತೋಳಿನಿಂದ ದೂರವಾದರೆ ಸಂಪರ್ಕ ತಪ್ಪುತ್ತದೆ. ಬಿಲ್ಲೆ ಅಳೆಯುತ್ತಲೇ ಇರುತ್ತದೆ, ಆದರೆ ಕೂಗಿ ಹೇಳುವುದಕ್ಕೆ ಹತ್ತಿರ ಯಾರೂ ಇರುವುದಿಲ್ಲ. ಪ್ರತಿ ತಾಸು ಮುಗಿದೊಡನೆ ಬಾಯಿ ಮೆಟ್ಟಿಲಿಳಿದು ಕಚೇರಿಗೆ ಬಂದು, ಕಪಾಟು ತೆರೆಸಿ, ಅಂಕಿ ನೋಡಿ, ಮತ್ತೆ ಮೇಲೆ ಹೋಗುತ್ತಿದ್ದರು. ಗುಮಾಸ್ತ ಬೇಸರದಿಂದ ಕೀಲಿ ತಿರುವುತ್ತಿದ್ದ. ನಾನು ಮುಖ್ಯಾಧ್ಯಾಪಕರಿಗೆ ಹೇಳಿದೆ, ಇನ್ನಿಬ್ಬರೂ ಹೇಳಿದರು. "ನೋಡೋಣ್ರಿ" ಎನ್ನುವುದು ಅವರ ಉತ್ತರ.

ಹತ್ತನೆಯವರ ಪೂರ್ವಪರೀಕ್ಷೆ ಬಂತು. ಬಾಯಿಗೆ ಮೇಲಿನ ಮಹಡಿಯ ಕೊನೆಯ ಕೋಣೆಯ ಮೇಲ್ವಿಚಾರಣೆ. ಪರೀಕ್ಷಾ ಕೋಣೆಗೆ ಪರ್ಸೂ ಒಯ್ಯುವಂತಿಲ್ಲ. ಬೆಲ್ಲದ ತುಂಡು ಆ ಪರ್ಸಿನಲ್ಲಿ. ಅರ್ಧ ವೇಳೆಯಾದ ಮೇಲೆ ಒಬ್ಬರು ಬಂದು ಅವರನ್ನು ಬಿಡಿಸಬೇಕು, ಅವರು ಕೆಳಗೆ ಹೋಗಿ ಫೋನು ನೋಡಿ ಏನಾದರೂ ತಿಂದು ಬರಬೇಕು ಎಂದು ಮಾತಾಗಿತ್ತು. ಅಂದೇ ಸಂಸ್ಥೆಯ ಸಂಚಾಲಕರೊಬ್ಬರು ತಪಾಸಣೆಗೆ ಬಂದರು. ಬಿಡಿಸಲು ಹೋಗಬೇಕಾದ ಸರ್, ಬಂದವರಿಗೆ ಹಾರ, ಚಹಾ ಎಂದು ಓಡಾಡುತ್ತ ಕೆಳಗೇ ಉಳಿದರು.

ನಾನು ಪಕ್ಕದ ಕೋಣೆಯಲ್ಲಿದ್ದೆ. ಸಂಚಾಲಕರ ದನಿ ಕೇಳಿತು: "ಇದೇನ್ರಿ ಇದು? ಪಗಾರ ತಗೊಂಡು ನಿದ್ದಿ ಮಾಡತಾರಲ್ರಿ ನಿಮ್ಮ ಬಾಯಿಗೋಳು!" ಓಡಿಹೋಗಿ ನೋಡಿದರೆ ಬಾಯಿ ಮೇಜಿನ ಮೇಲೆ ತಲೆ ಇಟ್ಟಿದ್ದಾರೆ. ಕನ್ನಡಕ ಓರೆಯಾಗಿದೆ, ತುಟಿಯ ಅಂಚಿನಿಂದ ಜೊಲ್ಲು. ಮಕ್ಕಳು ಪೆನ್ನು ಹಿಡಿದು ಗಾಬರಿಯಿಂದ ನೋಡುತ್ತಿದ್ದಾರೆ. ಸಂಚಾಲಕರು ತಮ್ಮ ಫೋನನ್ನು ಎತ್ತಿ ಚಿತ್ರ ತೆಗೆಯುತ್ತಿದ್ದರು. ಅವರ ಹಿಂದೆ ಮುಖ್ಯಾಧ್ಯಾಪಕರು.

"ನಿದ್ದಿ ಅಲ್ರಿ ಅದು, ಸಕ್ರಿ ಇಳದದ!" ಎಂದು ನಾನು ಕೂಗಿದೆ. ಹೆಗಲು ಅಲುಗಿಸಿದೆ. ಮೈ ತಣ್ಣಗೆ ತೊಯ್ದಿತ್ತು. ಮಾತು ಬರುತ್ತಿರಲಿಲ್ಲ, ಬರೀ ಮುಲುಕು. ಶಿಪಾಯಿಯನ್ನು ಸಕ್ಕರೆಗೆ ಕಳುಹಿಸಿದೆ. ಸಂಚಾಲಕರಿಗೆಂದು ಇಟ್ಟಿದ್ದ ಚಹಾದ ಸಕ್ಕರೆ ಡಬ್ಬಿಯನ್ನೇ ಆತ ಹಿಡಿದು ತಂದ. ಬಾಯಿಯನ್ನು ಮಗ್ಗುಲಿಗೆ ಮಲಗಿಸಿ ವಸಡಿಗೆ ಸಕ್ಕರೆ ತಿಕ್ಕಿದೆ. ರಿಕ್ಷಾದಲ್ಲಿ ದವಾಖಾನೆಗೆ ಒಯ್ದೆವು. ಗ್ಲುಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟವರೇ, "ಪೇಪರ್ ಯಾರ ತಗೊಂಡ್ರು, ಸರ್?" ಎಂದು ಕೇಳಿದರು.

ಗುಮಾಸ್ತ ಸಂಜೆ ಫೋನು ತಂದುಕೊಟ್ಟ. ತೋಳಿನ ಹತ್ತಿರ ಬಂದೊಡನೆ, ಖಾಲಿ ಬಿದ್ದಿದ್ದ ಜಾಗದಲ್ಲಿ ಗೆರೆ ತಾನಾಗಿ ತುಂಬಿಕೊಂಡಿತು. ಪರೀಕ್ಷೆ ಶುರುವಾದಾಗ ನೆಟ್ಟಗಿದ್ದದ್ದು ಮೆಲ್ಲಗೆ ಬಾಗಿ, ಆಮೇಲೆ ಬಾವಿಗೆ ಬಿದ್ದ ಹಾಗೆ ಕೆಳಗೆ ಹೋಗಿತ್ತು. ಬಾಯಿ ಗೆರೆ ಬಾಗತೊಡಗಿದ ಜಾಗದ ಮೇಲೆ ಬೆರಳಿಟ್ಟರು.

ಅಷ್ಟರಲ್ಲಿ ಸಂಚಾಲಕರು ತೆಗೆದ ಚಿತ್ರ ಊರೆಲ್ಲ ಸುತ್ತಿತ್ತು. ಅವರು ಯಾರಿಗೆ ಕಳುಹಿಸಿದರೋ, ಅವರು ಇನ್ನಾರಿಗೆ ಕಳುಹಿಸಿದರೋ. ಪಾಲಕರ ಗುಂಪಿಗೆ ಬಂತು, ನಮ್ಮ ಗುಂಪಿಗೂ ಬಂತು. ಕೆಳಗೆ "ಪರೀಕ್ಷೆಯಲ್ಲಿ ಗೊರಕೆ ಹೊಡೆಯುವ ಗಣಿತದ ಬಾಯಿ" ಎಂಬ ಸಾಲು, ನಗುವ ಮುಖಗಳು. ನವಿ ಪೇಠದ ಅಂಗಡಿಯಲ್ಲಿ ಗಿರಾಕಿಯೊಬ್ಬರು ತೋರಿಸಿದರೆಂದು ಬಾಯಿಯ ಅಣ್ಣ ಫೋನು ಮಾಡಿ ಬೈದನಂತೆ. ಅದು ಕಾಯಿಲೆ ಎಂದು ನಾನು ಎರಡೂ ಗುಂಪಿಗೆ ಬರೆದೆ. ಚಿತ್ರ ಹೋದ ಕಡೆಗೆಲ್ಲ ನನ್ನ ಬರಹ ಹೋಗಲಿಲ್ಲ.

ಸಂಸ್ಥೆ ಚೌಕಶಿ, ಅಂದರೆ ವಿಚಾರಣೆ, ಮಾಡಿತು. ಮೂವರು ಕೂತಿದ್ದರು, ಚಿತ್ರ ತೆಗೆದವರೂ ಅವರಲ್ಲೊಬ್ಬರು. ನಾನು ಸಾಕ್ಷಿ ಹೇಳಿದೆ. ಡಾಕ್ಟರ ಚೀಟಿ ಎಷ್ಟು ಕಾಲದಿಂದ ಕಚೇರಿಯಲ್ಲಿತ್ತು ಎಂಬುದನ್ನೂ ಹೇಳಿದೆ. ಮುಖ್ಯಾಧ್ಯಾಪಕರು ನೆಲ ನೋಡುತ್ತಿದ್ದರು. ಬಾಯಿ ಫೋನು ತೆರೆದು ಮೇಜಿನ ಮೇಲಿಟ್ಟರು.

"ಈ ಗೆರೆ ನೋಡ್ರಿ. ಇದು ನಿದ್ದಿ ಅಲ್ಲ. ಫೋನ್ ನನ್ನ ಹತ್ರ ಇದ್ದಿದ್ರ ಇಲ್ಲೇ, ಇಷ್ಟ ಮ್ಯಾಲ ಇದ್ದಾಗನ ಕೂಗತಿತ್ತು."

ಚಿತ್ರ ತೆಗೆದ ಸಂಚಾಲಕರು ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದರು. ಮುಖದಲ್ಲಿ ಸಮಾಧಾನ ಮೂಡಿತು.

"ಹಂಗಾದ್ರ ನಿಮ್ಮ ಬಾಯಿಂದನ ಬಂತಲ್ರಿ. ನಿಮಗ ಯಾವಾಗರ ಹಿಂಗ ಆಗಬಹುದು. ವರ್ಗದಾಗ ಮಕ್ಕಳ ಜವಾಬ್ದಾರಿ ಇರ್ತದ."

"ಬಿಲ್ಲೆ ಹಚ್ಚಿದ ಮ್ಯಾಲ, ಫೋನ್ ಹತ್ರ ಇದ್ದಾಗ ಒಮ್ಮಿನೂ ಆಗಿಲ್ರಿ."

"ಒಂದ ಮಷೀನ್ ನಂಬಿ ಸಾಲಿ ನಡಸಾಕ ಬರಂಗಿಲ್ಲ, ಬಾಯಿ."

"ನಿಮ್ಮ ಚಷ್ಮಾ ಈ ಕಪಾಟಿನ್ಯಾಗ ಇಟ್ಟು ಮೆಟ್ಟಲ ಇಳದು ತೋರಸ್ರಿ," ಎಂದರು ಬಾಯಿ.

ಆ ಮಾತಿನಿಂದ ಅವರಿಗೆ ಒಳ್ಳೆಯದಾಗಲಿಲ್ಲ. ಕೆಲಸಕ್ಕೆ ಯೋಗ್ಯರೆಂದು ವೈದ್ಯಕೀಯ ಪ್ರಮಾಣಪತ್ರ ಬರುವ ತನಕ ವರ್ಗಕ್ಕೆ ಹೋಗಬಾರದೆಂದು ಆದೇಶವಾಯಿತು. ತಮ್ಮ ಡಾಕ್ಟರದು ತಂದರು. ಅವರು ನಿಮ್ಮ ಪರಿಚಯದವರು, ನಡೆಯುವುದಿಲ್ಲ ಎಂದರು ಸಂಸ್ಥೆಯವರು. ಬೇರೆಯವರದು ತಂದರು, ಅದರಲ್ಲಿ "ಸಾಧನದ ನೆರವಿನಿಂದ" ಎಂಬ ಮಾತಿದೆ, ನಡೆಯುವುದಿಲ್ಲ ಎಂದರು. ಹೀಗೆ ಆ ವರ್ಷ ಬಾಯಿ ಗ್ರಂಥಾಲಯದ ಮೂಲೆಯಲ್ಲಿ ಕೂತು ಹಳೆಯ ಪುಸ್ತಕಗಳಿಗೆ ರಟ್ಟು ಹಾಕಿದರು. ಅಲ್ಲಿ ಮಾತ್ರ ಫೋನು ಇಟ್ಟುಕೊಳ್ಳಲು ಯಾರ ಅಡ್ಡಿಯೂ ಇರಲಿಲ್ಲ. ಗಣಿತವನ್ನು ಚಿತ್ರಕಲೆಯ ಸರ್ ನೋಡಿಕೊಂಡರು. ಬಸ್ಸಿನಲ್ಲಿ ನಮ್ಮ ನಡುವೆ ಉತ್ತರಪತ್ರಿಕೆಗಳ ಕಟ್ಟು ಇರಲಿಲ್ಲ. ಬಾಯಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಯಾರಾದರೂ ಒಂದು ಗಳಿಗೆ ಹೆಚ್ಚು ದಿಟ್ಟಿಸಿದರೆ, ಚಿತ್ರ ನೋಡಿದವರಿರಬೇಕೆಂದು ಸೆರಗನ್ನು ತೋಳಿನ ಮೇಲೆ ಎಳೆದುಕೊಳ್ಳುತ್ತಿದ್ದರು. ವರನ ಕಡೆಯವರೆದುರು ಸಿರಿಂಜು ತೆಗೆದ ಹೆಂಗಸು ಮುಚ್ಚಿಕೊಳ್ಳುವುದನ್ನು ಕಲಿತದ್ದು ನಮ್ಮ ಶಾಲೆಯಲ್ಲಿ.

ಕೊನೆಗೆ ತಾವಾಗಿಯೇ ನಿವೃತ್ತಿ ಕೇಳಿದರು. ಬಹಳ ಬೇಗ ಮಂಜೂರಾಯಿತು. ಫೋನಿನ ನಿಯಮವೂ ಆಮೇಲೆ ಬದಲಾಯಿತು ಎಂದು ಹೇಳುವ ಹಾಗಿದ್ದರೆ ಚೆನ್ನಾಗಿತ್ತು. ಬದಲಾಗಲಿಲ್ಲ.

ಸೋಲಾಪುರದ ಮನೆಗೆ ನಾನು ಆಗೀಗ ಹೋಗುತ್ತಿದ್ದೆ. ಮೊದಲು ಮನೆಯಲ್ಲೇ ಶಿಕವಣಿ, ಅಂದರೆ ಟ್ಯೂಶನ್, ಹೇಳಿದರು; ಸ್ವಲ್ಪ ದಿನ ಬಂದ ಮಕ್ಕಳು ಆಮೇಲೆ ಬರುವುದನ್ನು ನಿಲ್ಲಿಸಿದರು. ಒಂದು ಸಲ ಹೋದಾಗ ತೋಳಿನ ಮೇಲೆ ಬಿಲ್ಲೆ ಇರಲಿಲ್ಲ. ಅಂಟಿದ್ದ ಜಾಗದಲ್ಲಿ ದುಂಡಗೆ ಬಿಳಿಚಿತ್ತು.

"ಯಾಕ್ರಿ ಬಾಯಿ?"

"ಖರೇ ಹೇಳಾವನ್ನ ಇಟಗೊಂಡು ಏನ ಮಾಡೂದ್ರಿ, ಸರ್. ಕೇಳವರು ಬೇಕಲ್ಲ."

ಅಕ್ಕ ಒಳಗಿನಿಂದ ಬಂದು ಬೈದರು. ನಾನೂ ಬೈದೆ. ಮುಂದಿನ ಸಲ ಹೋದಾಗ ಹೊಸ ಬಿಲ್ಲೆ ಇತ್ತು, ಅಕ್ಕನ ಹಟಕ್ಕೆ. ಆದರೆ ಫೋನನ್ನು ನೋಡುವವರು ಅಕ್ಕ, ಬಾಯಿ ಅಲ್ಲ. ಒಂದು ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ನಿಂತಿದ್ದ ಬಾಯಿ ಅಲ್ಲೇ ಕುಸಿದರು. ಹೃದಯಾಘಾತ. ಫೋನಿನಲ್ಲಿ ಸಕ್ಕರೆಯ ಅಂಕಿ ಸರಿಯಾಗಿಯೇ ಇತ್ತಂತೆ. ಶಾಲೆ ಅವರನ್ನು ಕೊಂದಿತು ಎಂದು ನಾನು ಹೇಳಲಾರೆ. ಹಾಗೆ ಬರೆದರೆ ಅವರೇ ಅಲ್ಲೊಂದು ವೃತ್ತ ಎಳೆಯುತ್ತಿದ್ದರು. ಬದುಕಿದ್ದವರಿಂದ ಬದುಕುವ ಆಸೆ ಕಿತ್ತುಕೊಂಡಿತು ಎಂದಷ್ಟೇ ಬಲ್ಲೆ.

ಶಾಲೆಯಲ್ಲಿ ಶೋಕಸಭೆ ಇಟ್ಟರು. ಅಕ್ಕನನ್ನು ಕರೆಸಿದ್ದರು. ಚಿತ್ರ ತೆಗೆದು ಚೌಕಶಿಯಲ್ಲೂ ಕೂತಿದ್ದ ಸಂಚಾಲಕರೇ ಅಧ್ಯಕ್ಷರು. ಅವರು ಬಾಯಿಯ ಶಿಸ್ತನ್ನು ಹೊಗಳಿದರು, ಮುಖ್ಯಾಧ್ಯಾಪಕರು ಆಲೇಖ ಕಲಿಸುವ ರೀತಿಯನ್ನು ಹೊಗಳಿದರು. ನಾನು ಎದ್ದು ಆ ಪರೀಕ್ಷೆಯ ದಿನದ ಮಾತು ತೆಗೆದಾಗ ಮುಖ್ಯಾಧ್ಯಾಪಕರು ಗಡಿಯಾರ ನೋಡಿ, "ಸರ್, ಇವತ್ತ ಬ್ಯಾಡ್ರಿ" ಎಂದರು. ನಾನು ಮುಗಿಸಿಯೇ ಕೂತೆ. ಕೊನೆಗೆ ಗೌರವವೆಂದು ಅಕ್ಕನಿಗೆ ಕೊಡಲು ಒಂದು ಶಾಲು ತಂದರು.

ಅಕ್ಕ ಅದನ್ನು ಮುಟ್ಟಲಿಲ್ಲ. ವಯಸ್ಸಾದ ಹೆಂಗಸು, ಶಾಲೆಯ ಜನರ ನಡುವೆ ಎಂದೂ ಮಾತಾಡಿದವರಲ್ಲ. ಮೆಲ್ಲಗೇ ಕೇಳಿದರು: "ಆ ಫೋನಿಗೆ ಕೀಲಿ ಹಾಕಿದವರು ಯಾರ್ರಿ? ಅವರನ್ನ ಒಮ್ಮಿ ನೋಡಬೇಕಾಗಿತ್ತು. ಅದಕ್ಕ ಬಂದೀನಿ."

ಗುಮಾಸ್ತ ಮುಖ್ಯಾಧ್ಯಾಪಕರನ್ನು ನೋಡಿದ. ಮುಖ್ಯಾಧ್ಯಾಪಕರು ಸಂಚಾಲಕರನ್ನು ನೋಡಿದರು. ಸಂಚಾಲಕರು, "ಅದು ನಿಯಮ ಇತ್ತ್ರಿ, ಅಕ್ಕಾ. ಯಾರ ಒಬ್ಬರದಲ್ಲ" ಎಂದರು.

"ಹೌದೇನ್ರಿ," ಎಂದು ಅಕ್ಕ ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ ನಾನು ಕೈ ಹಿಡಿದೆ. ಬಸ್ ನಿಲ್ದಾಣದ ತನಕ ಜೊತೆಗೆ ನಡೆದೆ.

ಶಾಲು ಖುರ್ಚಿಯ ಮೇಲೇ ಉಳಿದಿತ್ತು. ಶಿಪಾಯಿ ಅದನ್ನು ಕಚೇರಿಗೆ ಒಯ್ದು ಇಟ್ಟ. ಮುಂದಿನ ವಾರ ಹೊಸ ಗಣಿತದ ಬಾಯಿ ಕೆಲಸಕ್ಕೆ ಬಂದರು, ಚಿಕ್ಕ ವಯಸ್ಸಿನ ಹುಡುಗಿ. ಪ್ರಾರ್ಥನೆಯ ಹೊತ್ತಿಗೆ ಮಕ್ಕಳೆದುರು ಅವರನ್ನು ನಿಲ್ಲಿಸಿ ಸ್ವಾಗತ ಮಾಡಿದರು. ಅವರಿಗೆ ಹೊದಿಸಿದ್ದು ಅದೇ ಶಾಲು. ಅದರ ಮಡಿಕೆಯನ್ನು ಅಲ್ಲಿಯವರೆಗೆ ಯಾರೂ ಬಿಚ್ಚಿರಲಿಲ್ಲ.